ಮಲೆನಾಡಿನ ಪೆಟ್ರೋಲು ಜೀಪುಗಳನ್ನು ದ್ರವಾನಿಲಕ್ಕೆ ಒಗ್ಗಿಸುವ ಕ್ರಮ

ಮಲೆನಾಡಿನ ಕಾಫಿ ಮತ್ತು ಮೆಣಸಿನ ತೋಟಗಳಲ್ಲಿ ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಹಾಯುವ ಮೋಟಾರು ಗಾಡಿಯು ನೇಗಿಲು, ಗುದ್ದಲಿಗಳಂತೆಯೇ ಸಾಗುವಳಿಯ ಒಂದು ಸಾಧನವಾಗಿ ಹೋಗಿದೆ. ಮಳೆಗಾಲದಲ್ಲಿ ಮಣ್ಣುರಸ್ತೆಗಳು ಕೆಸರಾಗಿ ಕೊರಕಲು ಬಿದ್ದಿರುವಾಗ ಗೊಬ್ಬರವನ್ನು ತೋಟಕ್ಕೆ ಮುಟ್ಟಿಸುವುದಕ್ಕೂ, ಕುಯ್ಲಿನ ದಿನಗಳಲ್ಲಿ ಹಣ್ಣನ್ನು ಪಲ್ಪರಿನ ಮನೆಗೆ ಸಾಗಿಸುವುದಕ್ಕೂ, ಅಕಾಲದಲ್ಲಿ ರೋಗಿಯನ್ನು ಪೇಟೆಯ ಆಸ್ಪತ್ರೆಗೆ ಒಯ್ಯುವುದಕ್ಕೂ ಅದೇ ಗತಿ. ಇಂತಹ ಗಾಡಿಗಳಲ್ಲಿ ಹಳೆಯ ವಿಲ್ಲಿಸ್ ಜೀಪುಗಳೂ, 1985ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಜಿಪ್ಸಿಗಳೂ ಪೆಟ್ರೋಲಿನಿಂದ ನಡೆಯತಕ್ಕವು. ಜಿಪ್ಸಿಯ ತಯಾರಿಕೆ ನಿಂತುಹೋಗಿದ್ದರೂ ತೋಟಗಳಲ್ಲಿ ಅದರ ಸೇವೆ ನಿಂತಿಲ್ಲ. ಹಗುರವಾದ ಮೈ, ಗಟ್ಟಿಯಾದ ಚಾಸಿ, ಎಲ್ಲಿಯಾದರೂ ರಿಪೇರಿ ಮಾಡಬಹುದಾದ ಸರಳತೆ, ಈ ಗುಣಗಳಿಂದ ಅದು ಉಳಿದುಕೊಂಡಿದೆ. ಅದರ ದೋಷ ಒಂದೇ. ಏರಿನಲ್ಲಿಯೂ ಕೆಸರಿನಲ್ಲಿಯೂ ದುಡಿಯುವಾಗ ಪೆಟ್ರೋಲನ್ನು ಅದು ಧಾರಾಳವಾಗಿ ಕುಡಿಯುತ್ತದೆ.

ಬೆಂಗಳೂರಿನ ಆಟೋ ರಿಕ್ಷಾಗಳು ಬಹುಕಾಲದಿಂದ ದ್ರವಾನಿಲದಲ್ಲಿ, ಅಂದರೆ ಸಾಮಾನ್ಯ ಜನರು ಗ್ಯಾಸು ಎಂದು ಕರೆಯುವ ಎಲ್.ಪಿ.ಜಿ.ಯಲ್ಲಿ, ಓಡುತ್ತಿರುವುದನ್ನು ಕಂಡ ತೋಟದ ಮಾಲೀಕರು ತಮ್ಮ ಜೀಪನ್ನೂ ಹಾಗೆಯೇ ಮಾಡಿಸಿದರೆ ಹೇಗೆಂದು ಕೇಳುವುದುಂಟು. ಮಾಡಿಸಬಹುದು. ಆದರೆ ಪೇಟೆಯ ಸಮರಸ್ತೆಯಲ್ಲಿ ಓಡುವ ಆಟೋಕ್ಕೆ ಸರಿಹೋದ ಏರ್ಪಾಡು ಬೆಟ್ಟದ ದಾರಿಯ ಜೀಪಿಗೆ ಸರಿಹೋಗುವುದಿಲ್ಲ; ಎಲ್ಲ ತೋಟಗಳ ಜೀಪಿಗೂ ಅದರಿಂದ ಲಾಭವೂ ಇಲ್ಲ. ಇವೆರಡನ್ನೂ ತಿಳಿಯದೆ ಕೈಹಾಕಿದವರು ಹಣವನ್ನು ಕಳೆದುಕೊಳ್ಳಬಹುದು. ಅಡಿಗೆಯ ಸಿಲಿಂಡರನ್ನೇ ಗಾಡಿಗೆ ಕಟ್ಟುವವರು ಪ್ರಾಣವನ್ನೂ ಕಳೆದುಕೊಳ್ಳಬಹುದು.

ಪೆಟ್ರೋಲಿಗೆ ಬದಲಾಗಿ ಅನಿಲವನ್ನು ಎಂಜಿನ್ನಿಗೆ ಉಣಿಸುವುದು ಈ ನಾಡಿಗೆ ಹೊಸ ವಿಷಯವಲ್ಲ. 1939ರಿಂದ 1945ರ ವರೆಗೆ ನಡೆದ ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ನು ಬಂದಾಗ ಬಸ್ಸುಗಳ ಹಿಂಭಾಗಕ್ಕೆ ಇದ್ದಿಲಿನ ಒಲೆಯನ್ನು ಕಟ್ಟಿ, ಅದರಿಂದ ಹೊರಡುವ ಅನಿಲದಿಂದ ಓಡಿಸುತ್ತಿದ್ದುದನ್ನು ಹಿರಿಯರು ಹೇಳುತ್ತಿದ್ದರು. ಆ ಅನಿಲದಲ್ಲಿ ಕಸುವು ಕಡಿಮೆ. ಅದರ ಬಹುಭಾಗ ಉರಿಯದ ಸಾರಜನಕವೇ. ಏರು ಬಂದಲ್ಲಿ ಪ್ರಯಾಣಿಕರು ಇಳಿದು ತಳ್ಳಬೇಕಾಗಿತ್ತು. ಅದಕ್ಕೆ ಹೋಲಿಸಿದರೆ ದ್ರವಾನಿಲವು ಉತ್ತಮ ಜಾತಿಯ ಇಂಧನ. ಅದು ಪ್ರೊಪೇನ್ ಮತ್ತು ಬ್ಯೂಟೇನ್ ಎಂಬ ಎರಡು ಅನಿಲಗಳ ಮಿಶ್ರಣ. ಸಾಧಾರಣ ಗಾಳಿಯ ಒತ್ತಡದಲ್ಲಿ ಪ್ರೊಪೇನು ಸೊನ್ನೆಗಿಂತ 42 ಡಿಗ್ರಿ ಸೆಂಟಿಗ್ರೇಡ್ ಕೆಳಗೆ, ಬ್ಯೂಟೇನು ಸೊನ್ನೆಯ ಆಸುಪಾಸಿನಲ್ಲಿ ಕುದಿಯುತ್ತದೆ. ಆದುದರಿಂದ ಹೊರಗೆ ಅವು ಅನಿಲವಾಗಿಯೇ ಇರುತ್ತವೆ. ಮುಚ್ಚಿದ ಟ್ಯಾಂಕಿನಲ್ಲಿ ಒತ್ತಿ ತುಂಬಿದರೆ ಮಾತ್ರ ನೀರಿನಂತೆ ದ್ರವವಾಗುತ್ತವೆ. 40 ಡಿಗ್ರಿ ಬಿಸಿಲಿನಲ್ಲಿ ಶುದ್ಧ ಪ್ರೊಪೇನು ಹೊರಗಿನ ಗಾಳಿಯ ಸುಮಾರು 13 ಪಟ್ಟು, ಬ್ಯೂಟೇನು ಸುಮಾರು 4 ಪಟ್ಟು ಒತ್ತಡವನ್ನು ಟ್ಯಾಂಕಿನ ಗೋಡೆಯ ಮೇಲೆ ಹಾಕುತ್ತದೆ. ಮಿಶ್ರಣದ ಒತ್ತಡ ಇವೆರಡರ ನಡುವೆ ನಿಲ್ಲುತ್ತದೆ. ಗ್ಯಾಸಿನ ಟ್ಯಾಂಕು ಪೆಟ್ರೋಲಿನ ಟ್ಯಾಂಕಿನಂತೆ ತೆಳುತಗಡಿನದಾಗಿರದೆ ದಪ್ಪ ಉಕ್ಕಿನದಾಗಿರುವುದು ಇದಕ್ಕಾಗಿಯೇ.

ಮೊದಲು ಲಾಭನಷ್ಟದ ಲೆಕ್ಕವನ್ನು ನೋಡುವುದು ಯುಕ್ತ. ತೂಕದಲ್ಲಿ ನೋಡಿದರೆ ಗ್ಯಾಸು ಪೆಟ್ರೋಲಿಗಿಂತ ಸ್ವಲ್ಪ ಹೆಚ್ಚೇ ಶಕ್ತಿಯುಳ್ಳದ್ದು. ಆದರೆ ಮಾರುವುದು ಲೀಟರಿನ ಲೆಕ್ಕದಲ್ಲಿ. ಒಂದು ಲೀಟರು ಗ್ಯಾಸಿನ ತೂಕ ಸುಮಾರು 540 ಗ್ರಾಂ ಮಾತ್ರ. ಆದಕಾರಣ ಪೆಟ್ರೋಲಿನಲ್ಲಿ ಲೀಟರಿಗೆ 10 ಕಿಲೋಮೀಟರು ಹೋಗುವ ಗಾಡಿಯು ಗ್ಯಾಸಿನಲ್ಲಿ ಸುಮಾರು 8 ಕಿಲೋಮೀಟರು ಹೋಗುತ್ತದೆ. ಎಂದರೆ ಗ್ಯಾಸಿನ ಬೆಲೆಯು ಪೆಟ್ರೋಲಿನ ಬೆಲೆಯ ನೂರಕ್ಕೆ 80ರಷ್ಟಿದ್ದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ನೂರಕ್ಕೆ 60ರಷ್ಟಿದ್ದರೆ ಖರ್ಚಿನಲ್ಲಿ ಕಾಲುಭಾಗ ಉಳಿಯುತ್ತದೆ. ಬೆಲೆಗಳು ಮೇಲೆ ಕೆಳಗೆ ಆಗುತ್ತಿರುವುದರಿಂದ ಪರಿವರ್ತನೆಯ ವೆಚ್ಚವನ್ನು ರೂಪಾಯಿಯಲ್ಲಿ ಎಣಿಸುವುದಕ್ಕಿಂತ ಪೆಟ್ರೋಲಿನ ಲೀಟರುಗಳಲ್ಲಿ ಎಣಿಸುವುದು ಸುಲಭ. ಒಬ್ಬ ಸಾಗುವಳಿದಾರನ ಜೀಪು ವರ್ಷಕ್ಕೆ 6,000 ಕಿಲೋಮೀಟರು ಓಡುತ್ತದೆಂದು ಭಾವಿಸಿದರೆ ಅದಕ್ಕೆ 600 ಲೀಟರು ಪೆಟ್ರೋಲು ಬೇಕು. ಕಾಲುಭಾಗ ಉಳಿದರೆ 150 ಲೀಟರಿನ ಬೆಲೆ ವರ್ಷಕ್ಕೆ ಕೈಯಲ್ಲಿ ನಿಲ್ಲುತ್ತದೆ. ಪರಿವರ್ತನೆಗೆ 450 ಲೀಟರಿನ ಬೆಲೆಯಷ್ಟು ಖರ್ಚಾದರೆ ಅದು ತೀರಲು ಮೂರು ವರ್ಷ. 750 ಲೀಟರಿನಷ್ಟಾದರೆ ಐದು ವರ್ಷ. ಗಾಡಿಯು ಅಷ್ಟು ಕಾಲ ಬಾಳುವುದೇ, ಅದರ ನೋಂದಣಿಯ ಅವಧಿ ಎಷ್ಟು ಉಳಿದಿದೆ ಎಂಬುದನ್ನು ಮಾಲೀಕನೇ ನಿರ್ಧರಿಸತಕ್ಕದ್ದು.

ಈ ಲೆಕ್ಕದಲ್ಲಿ ಅನೇಕರು ಮರೆಯುವ ಒಂದು ಅಂಶವಿದೆ. ಗ್ಯಾಸಿಗೆ ಒಗ್ಗಿಸಿದ ಗಾಡಿಯೂ ಹೊರಡುವಾಗ ಪೆಟ್ರೋಲಿನಲ್ಲಿಯೇ ಹೊರಟು, ರೇಡಿಯೇಟರಿನ ನೀರು ಬಿಸಿಯಾದ ಮೇಲೆ ಗ್ಯಾಸಿಗೆ ತಿರುಗುತ್ತದೆ. ಇದರ ಕಾರಣವನ್ನು ಮುಂದೆ ಹೇಳಿದೆ. ಕಣದಿಂದ ಗೋದಾಮಿಗೆ, ಗೋದಾಮಿನಿಂದ ಲೈನುಮನೆಗಳಿಗೆ ಒಂದೊಂದು ಮೈಲಿ ಓಡಿ ನಿಂತು ತಣ್ಣಗಾಗುವ ಜೀಪು ದಿನದ ಬಹುಪಾಲನ್ನು ಪೆಟ್ರೋಲಿನಲ್ಲಿಯೇ ಕಳೆಯುತ್ತದೆ. ಅಂತಹ ಗಾಡಿಗೆ ಗ್ಯಾಸು ಹಾಕಿಸುವುದು ವ್ಯರ್ಥ. ವಾರಕ್ಕೆ ಎರಡು ಮೂರು ಸಲ ಸಕಲೇಶಪುರಕ್ಕೋ ಚಿಕ್ಕಮಗಳೂರಿಗೋ ಮಡಿಕೇರಿಗೋ ಹೋಗಿಬರುವ, ಹೋಗುವ ದಾರಿಯಲ್ಲಿಯೇ ಗ್ಯಾಸು ತುಂಬುವ ಬಂಕು ಸಿಗುವ ಗಾಡಿಗೆ ಮಾತ್ರ ಈ ಕೆಲಸ ತಕ್ಕದ್ದು. ಗ್ಯಾಸಿನ ಬಂಕುಗಳು ಹೆಚ್ಚಾಗಿ ದೊಡ್ಡ ಊರುಗಳಲ್ಲಿಯೂ ಹೆದ್ದಾರಿಗಳಲ್ಲಿಯೂ ಇರುವುದರಿಂದ, ಹಣ ಕೊಡುವ ಮೊದಲು ತನ್ನ ಮಾಮೂಲು ದಾರಿಯಲ್ಲಿ ಬಂಕು ಎಲ್ಲಿದೆ, ಅದು ಎಡೆಬಿಡದೆ ನಡೆಯುತ್ತಿದೆಯೇ ಎಂಬುದನ್ನು ಒಮ್ಮೆ ಹೋಗಿ ನೋಡಿ ಬರಬೇಕು. ಇಪ್ಪತ್ತು ಮೈಲಿ ಸುತ್ತಿ ಗ್ಯಾಸು ತರುವವನ ಉಳಿತಾಯ ದಾರಿಯಲ್ಲಿಯೇ ಸುಟ್ಟುಹೋಗುತ್ತದೆ.

ಇನ್ನು ಸಲಕರಣೆಯ ವಿಚಾರ. ಟ್ಯಾಂಕಿನ ತಳದಿಂದ ಗ್ಯಾಸು ದ್ರವರೂಪದಲ್ಲಿಯೇ ಸಣ್ಣ ಕೊಳವೆಯ ಮೂಲಕ ಬಾನೆಟ್ಟಿನ ಕೆಳಕ್ಕೆ ಬರುತ್ತದೆ. ಅಲ್ಲಿ ವಿದ್ಯುತ್ತಿನಿಂದ ತೆರೆದು ಮುಚ್ಚುವ ಒಂದು ವಾಲ್ವು ಇದೆ. ಎಂಜಿನ್ನು ನಿಂತೊಡನೆ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಅದನ್ನು ದಾಟಿದ ಗ್ಯಾಸು ರೆಡ್ಯೂಸರ್ ಎಂಬ ಪೆಟ್ಟಿಗೆಯನ್ನು ಹೊಗುತ್ತದೆ. ಅಲ್ಲಿ ಒತ್ತಡವು ಇಳಿದು ದ್ರವವು ಅನಿಲವಾಗುತ್ತದೆ. ದ್ರವವು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುವುದು ಪ್ರಕೃತಿಯ ನಿಯಮ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಇದರಿಂದಲೇ. ರೆಡ್ಯೂಸರಿನಲ್ಲಿ ಈ ತಂಪು ಎಷ್ಟು ಹೆಚ್ಚೆಂದರೆ, ಶಾಖವನ್ನು ಒದಗಿಸದಿದ್ದರೆ ಪೆಟ್ಟಿಗೆಯ ಮೈಮೇಲೆ ಮಂಜು ಹೆಪ್ಪುಗಟ್ಟಿ ಒಳಗಿನ ರಬ್ಬರು ಪೊರೆಗಳು ಬಿರುಸಾಗಿ ಗ್ಯಾಸು ನಿಂತುಹೋಗುತ್ತದೆ. ಆದುದರಿಂದ ಎಂಜಿನ್ನಿನ ಬಿಸಿನೀರನ್ನು ಅದರ ಸುತ್ತಲೂ ಹರಿಯಿಸುತ್ತಾರೆ. ನೀರು ಬಿಸಿಯಾಗುವವರೆಗೆ ಪೆಟ್ರೋಲಿನಲ್ಲಿ ನಡೆಯಬೇಕೆನ್ನುವುದು ಇದಕ್ಕಾಗಿ.

ಬೆಟ್ಟದ ಗಾಡಿಯಲ್ಲಿ ಈ ಪೆಟ್ಟಿಗೆಯನ್ನು ಎಲ್ಲಿ ಕೂರಿಸಬೇಕೆಂಬುದು ಬಹು ಮುಖ್ಯ. ರೇಡಿಯೇಟರಿನ ಮೇಲ್ಮಟ್ಟಕ್ಕಿಂತ ಅದು ಕೆಳಗಿರಲೇಬೇಕು. ಮೇಲಿದ್ದರೆ ನೀರಿನೊಳಗಿನ ಗಾಳಿಯ ಗುಳ್ಳೆಗಳು ಅಲ್ಲಿಯೇ ಸೇರಿಕೊಂಡು ಬಿಸಿನೀರಿನ ಹರಿವನ್ನು ತಡೆಯುತ್ತವೆ. ಸಮನೆಲದಲ್ಲಿ ನಿಲ್ಲಿಸಿ ನೋಡಿದಾಗ ಸರಿಯಾಗಿ ಕಂಡ ಎತ್ತರವೂ, ಗಾಡಿಯು ಮೂಗನ್ನು ಮೇಲೆತ್ತಿ ಕಡಿದಾದ ಏರನ್ನು ಹತ್ತುವಾಗ ತಪ್ಪಾಗಬಹುದು. ಏರಿನ ನಡುವೆ ಎಂಜಿನ್ನು ಕೆಮ್ಮಿ ನಿಂತು, ಹತ್ತು ನಿಮಿಷ ಬಿಟ್ಟರೆ ಮತ್ತೆ ಹೊರಡುವ ಗಾಡಿಯ ರೋಗ ಅನೇಕ ವೇಳೆ ಇಷ್ಟೇ ಆಗಿರುತ್ತದೆ. ಪೆಟ್ಟಿಗೆಯನ್ನು ಮುಟ್ಟಿ ನೋಡಿದರೆ ತಿಳಿಯುತ್ತದೆ: ಓಡುವ ಎಂಜಿನ್ನಿನಲ್ಲಿ ಅದು ಬಿಸಿಯಾಗಿರಬೇಕು.

ರೆಡ್ಯೂಸರಿನಿಂದ ಹೊರಟ ಅನಿಲವು ಹಳೆಯ ಕಾರ್ಬುರೇಟರಿನ ಗಾಡಿಗಳಲ್ಲಿ ಮಿಕ್ಸರ್ ಎಂಬ ಉಂಗುರದ ಮೂಲಕ ಗಾಳಿಯೊಡನೆ ಬೆರೆಯುತ್ತದೆ. 2000ದ ಈಚಿನ, ಪೆಟ್ರೋಲನ್ನು ಇಂಜೆಕ್ಷನ್ನಿನಿಂದ ಚಿಮ್ಮಿಸುವ ಜಿಪ್ಸಿಗಳಲ್ಲಿ ಗ್ಯಾಸಿಗೂ ಸಿಲಿಂಡರಿಗೊಂದರಂತೆ ಬೇರೆ ಇಂಜೆಕ್ಟರುಗಳನ್ನು ಇಡುವುದು ಮೇಲು. ಬೆಲೆ ಹೆಚ್ಚಾದರೂ ಮಳೆಯ ಸೀಮೆಯಲ್ಲಿ ಇದಕ್ಕೊಂದು ವಿಶೇಷ ಪ್ರಯೋಜನವಿದೆ. ಮಿಕ್ಸರಿನ ಏರ್ಪಾಡಿನಲ್ಲಿ ಗಾಳಿ ಹಾಯುವ ಕೊಳವೆಯ ಉದ್ದಕ್ಕೂ ಉರಿಯಲು ಸಿದ್ಧವಾದ ಮಿಶ್ರಣವೇ ತುಂಬಿರುತ್ತದೆ. ಹಳ್ಳವನ್ನು ದಾಟುವಾಗ ಪ್ಲಗ್ಗಿನ ತಂತಿಗಳು ಒದ್ದೆಯಾಗಿ ಕಿಡಿಯು ತಪ್ಪಿದರೆ, ಆ ಬೆಂಕಿ ಹಿಮ್ಮುಖವಾಗಿ ಕೊಳವೆಯೊಳಕ್ಕೆ ಹಾರಿ ಏರ್ ಫಿಲ್ಟರಿನ ಡಬ್ಬಿಯನ್ನೇ ಒಡೆಯುವ ಸಂಭವವುಂಟು. ಮಿಕ್ಸರನ್ನೇ ಹಾಕಿಸುವವರು ಪ್ಲಗ್ಗುಗಳನ್ನೂ ತಂತಿಗಳನ್ನೂ ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನೂ ಹೊಸದಾಗಿ ಹಾಕಿಸಿ, ಪ್ರತಿವರ್ಷವೂ ಮುಂಗಾರಿಗೆ ಮೊದಲು ಪರೀಕ್ಷಿಸಬೇಕು. ಹಳ್ಳಕ್ಕಿಳಿಯುವ ಮೊದಲು ಪೆಟ್ರೋಲಿಗೆ ತಿರುಗಿಸಿಕೊಳ್ಳಬೇಕು. ಗ್ಯಾಸಿನ ಮಿಶ್ರಣವನ್ನು ಹೊತ್ತಿಸಲು ಪೆಟ್ರೋಲಿಗಿಂತ ಬಲವಾದ ಕಿಡಿ ಬೇಕು. ಪೆಟ್ರೋಲಿನಲ್ಲಿ ಹೇಗೋ ಓಡುತ್ತಿದ್ದ ಹಳೆಯ ಪ್ಲಗ್ಗು ಗ್ಯಾಸಿನಲ್ಲಿ ತನ್ನ ಮುಪ್ಪನ್ನು ತೋರಿಸಿಬಿಡುತ್ತದೆ.

ಕಸುವಿನ ಬಗ್ಗೆ ಮಾಲೀಕರಿಗಿರುವ ಭಯ ಅಷ್ಟೊಂದು ನಿಜವಲ್ಲ. ಅನಿಲವು ಎಂಜಿನ್ನಿನೊಳಗೆ ಗಾಳಿಯ ಸ್ಥಳವನ್ನು ಸ್ವಲ್ಪ ಆಕ್ರಮಿಸುವುದರಿಂದ ಮಿಕ್ಸರಿನ ಏರ್ಪಾಡಿನಲ್ಲಿ ನೂರಕ್ಕೆ 5ರಿಂದ 10ರಷ್ಟು ಬಲ ಕುಗ್ಗಬಹುದು. ಸಮರಸ್ತೆಯಲ್ಲಿ ವೇಗವಾಗಿ ಹೋಗುವಾಗ ಇದು ಗೊತ್ತಾಗುತ್ತದೆ. ಟ್ರಾನ್ಸ್‌ಫರ್ ಕೇಸಿನ ಲೋ ಗೇರಿನಲ್ಲಿ ಕೆಸರನ್ನು ಹತ್ತುವಾಗ, ಗೇರಿನ ಗುಣಿತವೇ ದೊಡ್ಡದಾಗಿರುವುದರಿಂದ, ಅಷ್ಟಾಗಿ ಗೊತ್ತಾಗುವುದಿಲ್ಲ. ಇನ್ನೊಂದು ಕಡೆಯಿಂದ ಗ್ಯಾಸಿನ ಆಕ್ಟೇನು 100ಕ್ಕೂ ಮೇಲ್ಪಟ್ಟದ್ದು. ಭಾರ ಹೊತ್ತು ಏರುವಾಗ ಪೆಟ್ರೋಲಿನ ಎಂಜಿನ್ನು ಕಿಟಕಿಟನೆ ಬಡಿಯುವಲ್ಲಿ ಗ್ಯಾಸಿನ ಎಂಜಿನ್ನು ಮೆತ್ತಗೆ ನಡೆಯುತ್ತದೆ. ಕಡಿಮೆ ವೇಗದಲ್ಲಿ ಗ್ಯಾಸಿನ ಜ್ವಾಲೆ ನಿಧಾನವಾಗಿ ಹರಡುವುದರಿಂದ ಕಿಡಿಯ ಕಾಲವನ್ನು ಕೆಲವು ಡಿಗ್ರಿ ಮುಂಚಿತವಾಗಿಸುವುದು ಮೇಲು. ಆದರೆ ಅದೇ ಎಂಜಿನ್ನು ಪೆಟ್ರೋಲಿನಲ್ಲಿಯೂ ನಡೆಯಬೇಕಾದ್ದರಿಂದ, ಪೆಟ್ರೋಲಿನಲ್ಲಿ ಬಡಿತ ಬಾರದಷ್ಟಕ್ಕೆ ನಿಲ್ಲಿಸಬೇಕು.

ಹಳೆಯ ಜೀಪುಗಳ ಮಾಲೀಕರಿಗೆ ಬೇರೊಂದು ಎಚ್ಚರಿಕೆ ಅವಶ್ಯ. ಭಾರತದಲ್ಲಿ 2000ದ ಫೆಬ್ರವರಿಯಿಂದ ಸೀಸ ಬೆರೆಸದ ಪೆಟ್ರೋಲು ಮಾತ್ರ ಮಾರಾಟವಾಗುತ್ತಿದೆ. ಅದಕ್ಕೆ ಮುಂಚಿನ ಪೆಟ್ರೋಲಿನಲ್ಲಿದ್ದ ಸೀಸವು ವಾಲ್ವುಗಳ ಪೀಠದ ಮೇಲೆ ತೆಳುವಾದ ಮೆತ್ತೆಯಂತೆ ಕೂತು ಸವೆತವನ್ನು ತಡೆಯುತ್ತಿತ್ತು. ಗ್ಯಾಸು ಒಣ ಇಂಧನ. ಅದರಲ್ಲಿ ಅಂತಹ ಯಾವ ರಕ್ಷಣೆಯೂ ಇಲ್ಲ. ಮೆತುವಾದ ಪೀಠಗಳುಳ್ಳ ಹಳೆಯ ಎಂಜಿನ್ನಿನಲ್ಲಿ ಹೊರಹೋಗುವ ವಾಲ್ವು ದಿನೇ ದಿನೇ ಒಳಕ್ಕೆ ಇಳಿಯುತ್ತದೆ. ಟ್ಯಾಪೆಟ್ಟಿನ ಸಂದು ಕಾರಣವಿಲ್ಲದೆ ಕಿರಿದಾಗುತ್ತಿರುವುದೇ ಇದರ ಮೊದಲ ಚಿಹ್ನೆ. ಸದ್ದು ಮಾಡುವ ಟ್ಯಾಪೆಟ್ಟನ್ನು ಕಂಡು ಹೆದರುವ ಮೆಕ್ಯಾನಿಕ್ಕುಗಳು ಮೌನವಾದ ಟ್ಯಾಪೆಟ್ಟನ್ನು ಕಂಡು ಸಂತೋಷಪಡುವುದುಂಟು. ಗ್ಯಾಸಿನ ಎಂಜಿನ್ನಿನಲ್ಲಿ ಹೆದರಬೇಕಾದದ್ದು ಮೌನಕ್ಕೆ. ಪರಿವರ್ತನೆಯಾದ ಮೊದಲ ವರ್ಷ 5,000 ಕಿಲೋಮೀಟರಿಗೊಮ್ಮೆಯಾದರೂ ಸಂದನ್ನು ಅಳೆದು ಬರೆದಿಟ್ಟುಕೊಳ್ಳಬೇಕು. ಇಳಿತ ಕಂಡುಬಂದರೆ ಎಂಜಿನ್ನಿನ ತಲೆಯನ್ನು ಬಿಚ್ಚಿ ಗಟ್ಟಿಯಾದ ಪೀಠಗಳನ್ನು ಕೂರಿಸದೆ ಗತ್ಯಂತರವಿಲ್ಲ. ಆ ಖರ್ಚನ್ನೂ ಮೇಲಿನ ಲೆಕ್ಕದಲ್ಲಿ ಸೇರಿಸಿ ನೋಡತಕ್ಕದ್ದು.

ಈಗ ಟ್ಯಾಂಕಿನ ವಿಷಯ. ಬೆಟ್ಟದ ಜೀಪಿನಲ್ಲಿ ನಿಜವಾದ ತೊಡಕು ಇರುವುದೇ ಇಲ್ಲಿ. ಕಾರುಗಳಲ್ಲಿ ಸ್ಟೆಪ್ನಿ ಚಕ್ರದ ಗುಳಿಯಲ್ಲಿ ಕೂರುವಂತೆ ಉಂಗುರದಾಕಾರದ ಟ್ಯಾಂಕುಗಳನ್ನು ಮಾಡಿದ್ದಾರೆ. ಜಿಪ್ಸಿಯ ಸ್ಟೆಪ್ನಿಯು ಹಿಂಬಾಗಿಲಿನ ಹೊರಗೆ ನೇತಾಡುತ್ತದೆಯಾದ್ದರಿಂದ ಅಂತಹ ಗುಳಿಯೇ ಇಲ್ಲ. ಚಾಸಿಯ ಕೆಳಗೆ ಕಟ್ಟೋಣವೆಂದರೆ ಅಲ್ಲಿ ಗೇರ್ ಬಾಕ್ಸು, ಅದರಿಂದ ಬೇರೆಯಾಗಿರುವ ಟ್ರಾನ್ಸ್‌ಫರ್ ಕೇಸು, ಅವುಗಳ ನಡುವೆ ತಿರುಗುವ ಶಾಫ್ಟುಗಳು, ಬಿಸಿಯಾದ ಸೈಲೆನ್ಸರಿನ ಕೊಳವೆ, ಎಲ್ಲವೂ ಇಕ್ಕಟ್ಟಾಗಿ ತುಂಬಿವೆ. ಹಿಂಬದಿಯಲ್ಲಿ ಕೆಳಗೆ ತೂಗುಹಾಕಿದರೆ ಕಡಿದಾದ ಇಳಿಜಾರಿನಿಂದ ಸಮನೆಲಕ್ಕೆ ಇಳಿಯುವಾಗ ಮೊದಲು ನೆಲಕ್ಕೆ ಬಡಿಯುವುದು ಟ್ಯಾಂಕೇ. ಕಲ್ಲಿನ ಮೇಲೆ ಕುಕ್ಕರಿಸಿದ ಜೀಪಿನ ತಳವನ್ನು ಒಮ್ಮೆ ಬಗ್ಗಿ ನೋಡಿದವನಿಗೆ ಅಲ್ಲಿ ಒತ್ತಡದ ಟ್ಯಾಂಕನ್ನು ಇಡುವ ಮನಸ್ಸು ಬಾರದು.

ಆದುದರಿಂದ ಹೆಚ್ಚಿನ ಗಾಡಿಗಳಲ್ಲಿ ಟ್ಯಾಂಕನ್ನು ಒಳಗಡೆ, ಮುಂದಿನ ಆಸನಗಳ ಹಿಂದೆ ಅಡ್ಡಲಾಗಿ ಕೂರಿಸುವುದೇ ಸರಿ. ಅಡ್ಡಲಾಗಿ ಎಂಬುದಕ್ಕೆ ಕಾರಣವಿದೆ. ದ್ರವವನ್ನು ಹೀರುವ ಕೊಳವೆಯು ಟ್ಯಾಂಕಿನೊಳಗೆ ಒಂದು ಸ್ಥಳದಲ್ಲಿ ತಳಕ್ಕೆ ಮುಟ್ಟಿರುತ್ತದೆ. ಟ್ಯಾಂಕು ಉದ್ದವಾಗಿ ಮಲಗಿದ್ದರೆ ಏರಿನಲ್ಲಿ ಗ್ಯಾಸೆಲ್ಲ ಹಿಂದಿನ ತುದಿಗೆ ಹರಿದು, ಕೊಳವೆಯ ಬಾಯಿ ಬರಿದಾಗಿ, ದ್ರವದ ಬದಲು ಆವಿಯನ್ನು ಎಳೆಯತೊಡಗುತ್ತದೆ. ಎಂಜಿನ್ನು ಅತ್ಯಂತ ಬೇಕಾದ ಗಳಿಗೆಯಲ್ಲಿ ಸೊರಗುತ್ತದೆ. ಅಡ್ಡಲಾಗಿದ್ದರೆ ದ್ರವವು ಟ್ಯಾಂಕಿನ ಅಡ್ಡಳತೆಯಷ್ಟು ಮಾತ್ರ ಹಿಂದೆ ಮುಂದೆ ಸರಿಯಬಲ್ಲದು. ಹಾಗಿದ್ದರೂ ಗ್ಯಾಸು ಕಾಲುಭಾಗಕ್ಕಿಂತ ಕಡಿಮೆಯಿರುವಾಗ ಘಾಟಿಯ ಬುಡದಲ್ಲಿಯೇ ಪೆಟ್ರೋಲಿಗೆ ತಿರುಗಿಸಿಕೊಳ್ಳುವುದು ಜಾಣತನ.

ಟ್ಯಾಂಕನ್ನು ನೆಲದ ತಗಡಿಗೆ ಬೋಲ್ಟು ಹಾಕಿ ನಿಲ್ಲಿಸುವುದು ಕೂಡದು. 60 ಲೀಟರಿನ ಟ್ಯಾಂಕು ಗ್ಯಾಸು ಸಹಿತ ಸುಮಾರು 55 ಕಿಲೋಗ್ರಾಂ ತೂಗಬಹುದು. ಕಾರುಗಳ ವಿಷಯದಲ್ಲಿ ಯೂರೋಪಿನ 67ನೆಯ ನಿಯಮಾವಳಿಯು, ಗಾಡಿ ಡಿಕ್ಕಿ ಹೊಡೆದಾಗ ಟ್ಯಾಂಕಿನ ಕಟ್ಟುಗಳು ಮುಂದಿನ ದಿಕ್ಕಿನಲ್ಲಿ ಅದರ ತೂಕದ 20 ಪಟ್ಟು ಬಲವನ್ನು ತಡೆಯಬೇಕೆಂದು ವಿಧಿಸುತ್ತದೆ. 55 ಕಿಲೋಗ್ರಾಮಿಗೆ ಅದು 1,100 ಕಿಲೋಗ್ರಾಂ ಭಾರವಾಯಿತು. ಒಂದು ಟನ್ನಿಗಿಂತ ಹೆಚ್ಚು. ಅಷ್ಟನ್ನು ಚಾಸಿಯ ಉಕ್ಕಿನ ತೊಲೆಗಳು ತಡೆಯಬಲ್ಲವೇ ಹೊರತು ತುಕ್ಕು ಹಿಡಿದ ನೆಲದ ತಗಡು ತಡೆಯಲಾರದು. ಹಿಂದಿನ ಎದುರುಬದುರು ಬೆಂಚುಗಳ ಮೇಲೆ ಕುಯ್ಲಿನ ಹೆಂಗಸರೂ ಮಕ್ಕಳೂ ಕೂರುವರೆಂಬುದನ್ನು ನೆನೆದರೆ, ಕಟ್ಟನ್ನು ಹಾಕುವ ಮೆಕ್ಯಾನಿಕ್ಕಿನ ಪಕ್ಕದಲ್ಲಿ ಮಾಲೀಕನು ಅರ್ಧ ದಿನ ನಿಂತು ನೋಡುವುದು ಹೆಚ್ಚಲ್ಲ. ಇದಲ್ಲದೆ ಒಳಗಿಟ್ಟ ಟ್ಯಾಂಕಿನ ವಾಲ್ವುಗಳ ಮೇಲೆ ಅನಿಲ ಸೋರದಂತೆ ಬಿಗಿಯಾದ ಮುಚ್ಚಳವಿದ್ದು, ಅಲ್ಲಿಂದ ಗಾಡಿಯ ನೆಲವನ್ನು ತೂರಿ ಹೊರಗೆ ಬಿಡುವ ಗಾಳಿಕೊಳವೆಯು ಇರಲೇಬೇಕು. ಅದರ ಹೊರಬಾಯಿಯು ಸೈಲೆನ್ಸರಿನ ಕಡೆಗಿರಬಾರದು; ಕೆಸರಿನಿಂದ ಮುಚ್ಚಿಹೋಗಲೂಬಾರದು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಅದನ್ನು ಕಡ್ಡಿಯಿಂದ ಬಿಡಿಸಿ ನೋಡುವುದು ಡ್ರೈವರನ ಕೆಲಸಗಳಲ್ಲೊಂದಾಗಬೇಕು.

ಟ್ಯಾಂಕನ್ನು ಬಾಯಿಮಟ್ಟ ತುಂಬುವುದಿಲ್ಲ. ನೂರಕ್ಕೆ 80ರಷ್ಟಾದೊಡನೆ ಒಳಗಿನ ತೇಲುಗುಂಡು ವಾಲ್ವನ್ನು ಮುಚ್ಚುತ್ತದೆ. ಬಿಸಿಲೇರಿದಂತೆ ದ್ರವವು ಹಿಗ್ಗುತ್ತದೆ. ಹಿಗ್ಗಲು ಸ್ಥಳವಿಲ್ಲದಿದ್ದರೆ ಉಕ್ಕಿನ ಗೋಡೆಯೂ ಅದನ್ನು ತಡೆಯಲಾರದು. ಈ ತೇಲುಗುಂಡು ಸರಿಯಾಗಿ ಅಳೆಯಬೇಕಾದರೆ ಟ್ಯಾಂಕಿನ ಮೇಲೆ ಬರೆದಿರುವ ಕೋನದಲ್ಲಿಯೇ ಅದನ್ನು ಕೂರಿಸಿರಬೇಕು. ತುಂಬುವಾಗ ಗಾಡಿಯು ಸಮನೆಲದಲ್ಲಿ ನಿಂತಿರಬೇಕು.

ಗ್ಯಾಸಿನ ಸ್ವಭಾವದಲ್ಲಿ ರೈತರು ಮರೆಯಬಾರದ ಇನ್ನೊಂದು ಗುಣವೆಂದರೆ ಅದು ಗಾಳಿಗಿಂತ ಭಾರವಾದುದು. ಪ್ರೊಪೇನು ಗಾಳಿಯ ಒಂದೂವರೆ ಪಟ್ಟು, ಬ್ಯೂಟೇನು ಎರಡು ಪಟ್ಟು ತೂಗುತ್ತದೆ. ಸೋರಿದ ಗ್ಯಾಸು ಮೇಲೆದ್ದು ಹೋಗದೆ ನೀರಿನಂತೆ ತಗ್ಗನ್ನು ಹುಡುಕಿಕೊಂಡು ಹರಿದು, ಶೆಡ್ಡಿನ ಮೂಲೆಯಲ್ಲಿಯೋ ರಿಪೇರಿಯ ಗುಂಡಿಯಲ್ಲಿಯೋ ನಿಲ್ಲುತ್ತದೆ. ಒಂದು ಲೀಟರು ದ್ರವವು ಸುಮಾರು 250 ಲೀಟರು ಅನಿಲವಾಗುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲಿನಷ್ಟು ಬೆರೆತರೂ ಅದು ಹೊತ್ತಿಕೊಳ್ಳಬಲ್ಲದು. 5 ಮೀಟರು ಉದ್ದ, 3 ಮೀಟರು ಅಗಲ, ಎರಡೂವರೆ ಮೀಟರು ಎತ್ತರದ ಜೀಪಿನ ಶೆಡ್ಡನ್ನು ಸ್ಫೋಟಕ ಮಿಶ್ರಣದಿಂದ ತುಂಬಲು ಮೂರು ಲೀಟರು ದ್ರವ ಸಾಕೆಂದಾಯಿತು. ವಾಸನೆಯಿಲ್ಲದ ಈ ಅನಿಲಕ್ಕೆ ಸೋರಿಕೆ ತಿಳಿಯಲೆಂದೇ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ದ್ರವ್ಯವನ್ನು ಬೆರೆಸಿರುತ್ತಾರೆ. ಮುಂಜಾನೆ ಶೆಡ್ಡಿನ ಬಾಗಿಲು ತೆರೆದಾಗ ಆ ವಾಸನೆ ಬಂದರೆ ದೀಪದ ಸ್ವಿಚ್ಚನ್ನು ಮುಟ್ಟದೆ, ಗಾಡಿಯ ಕೀಲಿಯನ್ನು ತಿರುಗಿಸದೆ, ಬಾಗಿಲುಗಳನ್ನೆಲ್ಲ ತೆರೆದಿಟ್ಟು ದೂರ ಸರಿಯಬೇಕು. ಗೋಡೆಯ ಬುಡದಲ್ಲಿ, ನೆಲಮಟ್ಟಕ್ಕೆ, ಎದುರೆದುರಾಗಿ ಎರಡು ಕಿಂಡಿಗಳನ್ನು ಬಿಡದ ಶೆಡ್ಡಿನಲ್ಲಿ ಗ್ಯಾಸಿನ ಜೀಪನ್ನು ನಿಲ್ಲಿಸಕೂಡದು. ಮೇಲೆ ಸೂರಿನ ಹತ್ತಿರ ಬಿಟ್ಟ ಕಿಂಡಿ ಇದಕ್ಕೆ ಉಪಯೋಗವಿಲ್ಲ.

ಅಡಿಗೆಮನೆಯ 14.2 ಕಿಲೋಗ್ರಾಮಿನ ಸಿಲಿಂಡರನ್ನು ಜೀಪಿನ ಹಿಂದೆ ಮಲಗಿಸಿ, ರಬ್ಬರು ಕೊಳವೆಯಿಂದ ಎಂಜಿನ್ನಿಗೆ ಜೋಡಿಸುವ ದುರಭ್ಯಾಸದ ವಿಚಾರವನ್ನು ಇಲ್ಲಿ ಬಿಚ್ಚಿ ಹೇಳುವುದು ಅಗತ್ಯ. ಅದು ಕಾನೂನಿನ ಪ್ರಕಾರ ಶಿಕ್ಷಾರ್ಹವೆಂಬ ಮಾತು ಒತ್ತಟ್ಟಿಗಿರಲಿ. ಆ ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ, ಮೇಲ್ಭಾಗದಿಂದ ಆವಿಯನ್ನು ಸ್ವಲ್ಪಸ್ವಲ್ಪವಾಗಿ ಒಲೆಗೆ ಕೊಡುವುದಕ್ಕಾಗಿ ಮಾಡಿದ್ದಾರೆ. ಎಂಜಿನ್ನು ಕೇಳುವ ಪ್ರಮಾಣದಲ್ಲಿ ಆವಿಯನ್ನು ಎಳೆದರೆ ಸಿಲಿಂಡರು ತಾನೇ ತಣ್ಣಗಾಗಿ ಒತ್ತಡವಿಳಿಯುತ್ತದೆ. ಆಗ ಅವಸರದ ಡ್ರೈವರನು ಅದನ್ನು ಮಲಗಿಸುತ್ತಾನೆ, ಇಲ್ಲವೇ ಅದರ ಮೇಲೆ ಬಿಸಿನೀರು ಸುರಿಯುತ್ತಾನೆ. ಮಲಗಿದ ಸಿಲಿಂಡರಿನಿಂದ ಆವಿಯ ಬದಲು ದ್ರವವೇ ಒಲೆಯ ರೆಗ್ಯುಲೇಟರಿಗೂ ರಬ್ಬರು ಕೊಳವೆಗೂ ನುಗ್ಗುತ್ತದೆ. ಅವು ಅದಕ್ಕಾಗಿ ಆದವಲ್ಲ. ಗಾಡಿಯ ಟ್ಯಾಂಕಿನಲ್ಲಿ ಕೊಳವೆ ತುಂಡಾದರೆ ಅತಿಯಾದ ಹರಿವನ್ನು ತಾನಾಗಿ ತಡೆಯುವ ವಾಲ್ವು ಇದೆ. ಎಂಜಿನ್ನು ನಿಂತರೆ ಗ್ಯಾಸನ್ನು ಮುಚ್ಚುವ ಏರ್ಪಾಡಿದೆ. ಅಡಿಗೆಯ ಸಿಲಿಂಡರಿಗೆ ಕೈಯಿಂದ ಮುಚ್ಚುವುದೊಂದೇ ದಾರಿ. ಜೀಪು ಮಗುಚಿಬಿದ್ದಾಗ ಆ ಕೈ ಯಾರದು? ದೊಡ್ಡ ಸಿಲಿಂಡರಿನಿಂದ ಗಾಡಿಯ ಟ್ಯಾಂಕಿಗೆ ಗುಟ್ಟಾಗಿ ಗ್ಯಾಸು ವರ್ಗಾಯಿಸುವ ಅಂಗಡಿಗಳ ವ್ಯಾಪಾರವೂ ಇದರಷ್ಟೇ ಅಪಾಯಕರ. ಅಲ್ಲಿ ವರ್ಗಾವಣೆಯ ಕೊಳವೆಯ ತುದಿಯಿಂದ ಪ್ರತಿಸಲವೂ ಗ್ಯಾಸು ನೆಲಕ್ಕೆ ಚೆಲ್ಲುತ್ತದೆ.

ನಿಯಮಗಳ ವಿಷಯ ಚಿಕ್ಕದು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವು ಗಾಡಿಯ ಮಾರ್ಪಾಡಿಗೆ ಸಂಬಂಧಿಸಿದ್ದು; ಗಾಡಿಗಳಲ್ಲಿ ಗ್ಯಾಸಿನ ಉಪಯೋಗದ ಬಗ್ಗೆ 2001ರಲ್ಲಿ ಕೇಂದ್ರ ಸರ್ಕಾರದ ಪ್ರತ್ಯೇಕ ಆಜ್ಞೆಯೂ ಹೊರಟಿದೆ. ಆಯಾ ಗಾಡಿಯ ಮಾದರಿಗೆ ಅಂಗೀಕಾರ ಪಡೆದ ಸಲಕರಣೆಯನ್ನು, ಅಧಿಕೃತ ಗ್ಯಾರೇಜಿನಲ್ಲಿಯೇ ಹಾಕಿಸಿ, ಅವರು ಕೊಡುವ ಪ್ರಮಾಣಪತ್ರದೊಡನೆ ಆರ್.ಟಿ.ಓ. ಕಚೇರಿಯಲ್ಲಿ ನೋಂದಣಿ ಪುಸ್ತಕದ ಮೇಲೆ ಬರೆಯಿಸಬೇಕು. ಬಹಳ ಹಳೆಯ ಜೀಪಿಗೆ ಅಂಗೀಕೃತ ಸಲಕರಣೆ ದೊರೆಯದಿದ್ದರೆ ಅಲ್ಲಿಗೆ ಆ ಯೋಚನೆಯನ್ನು ಕೈಬಿಡುವುದೇ ಸರಿ. ವಿಮೆಯ ಕಂಪೆನಿಗೂ ಬರವಣಿಗೆಯಲ್ಲಿ ತಿಳಿಸದಿದ್ದರೆ ಅಪಘಾತದ ತರುವಾಯ ಪರಿಹಾರಕ್ಕೆ ತಕರಾರು ಬರಬಹುದು.

ಕೆಲಸ ಮುಗಿದ ಗಾಡಿಯನ್ನು ಗ್ಯಾರೇಜಿನಿಂದ ಬಿಡಿಸಿಕೊಳ್ಳುವ ದಿನ ಸಾಬೂನು ನೊರೆಯನ್ನು ಪ್ರತಿಯೊಂದು ಜೋಡಣೆಗೂ ಹಚ್ಚಿಸಿ ಗುಳ್ಳೆ ಏಳುವುದೇ ಎಂದು ಕಣ್ಣಾರೆ ನೋಡಬೇಕು. ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕುವವನ ಕೈಗೆ ಗಾಡಿಯನ್ನು ಕೊಡಲೇಬಾರದು. ಬಳಿಕ ಬಿಸಿಯಾದ ಎಂಜಿನ್ನಿನಲ್ಲಿ, ಹಿಂದೆ ನಾಲ್ಕು ಮೂಟೆ ಹೇರಿ, ಸಮೀಪದ ಕಡಿದಾದ ಏರೊಂದನ್ನು ಗ್ಯಾಸಿನಲ್ಲಿ ಹತ್ತಿ, ನಡುವೆ ನಿಲ್ಲಿಸಿ, ಮತ್ತೆ ಹೊರಡಿಸಿ ನೋಡಬೇಕು. ಕಲ್ಲುಗಳ ಮೇಲೆ ಕುಲುಕಿದ ಕೊಳವೆಗಳು ಸಡಿಲಗೊಳ್ಳುವುದು ಮೊದಲ ಕೆಲವು ವಾರಗಳಲ್ಲಿಯೇ ಹೆಚ್ಚು. ಆದುದರಿಂದ 1,000 ಕಿಲೋಮೀಟರಿನ ಒಳಗೆ ಸಾಬೂನಿನ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಿ, ಚಾಸಿಗೆ ಹಾಕಿದ ಬೋಲ್ಟುಗಳನ್ನೂ ಆಗಲೇ ಬಿಗಿಯಿಸತಕ್ಕದ್ದು. ವಾರಕ್ಕೊಮ್ಮೆ ಕೆಲವು ಮೈಲಿ ಪೆಟ್ರೋಲಿನಲ್ಲಿಯೇ ಓಡಿಸಿದರೆ ಪಂಪು ಮತ್ತು ರಬ್ಬರಿನ ಭಾಗಗಳು ಒಣಗುವುದಿಲ್ಲ. ಗ್ಯಾಸಿನಲ್ಲಿ ಎಂಜಿನ್ ಆಯಿಲ್ಲು ಬಹುಕಾಲ ತಿಳಿಯಾಗಿಯೇ ಕಾಣುತ್ತದೆ. ಬಣ್ಣ ನೋಡಿ ಅವಧಿಯನ್ನು ಮುಂದೂಡದೆ, ಪೆಟ್ರೋಲಿನಲ್ಲಿದ್ದಾಗ ಎಷ್ಟು ಕಿಲೋಮೀಟರಿಗೆ ಬದಲಾಯಿಸುತ್ತಿದ್ದರೋ ಅಷ್ಟಕ್ಕೇ ಬದಲಾಯಿಸಬೇಕು. ಟ್ಯಾಂಕಿನ ಮೇಲೆ ಒತ್ತಿರುವ ಪರೀಕ್ಷೆಯ ತಾರೀಖನ್ನು ಗಾಡಿಯ ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಐದು ವರ್ಷ ತುಂಬುವ ಮೊದಲೇ ಮರುಪರೀಕ್ಷೆಗೆ ಕಳುಹಿಸಬೇಕು. ಕುಯ್ಲು ಮುಗಿದು ಗಾಡಿಗೆ ಬಿಡುವಿರುವ ಮಾರ್ಚ್, ಏಪ್ರಿಲ್ ತಿಂಗಳುಗಳು ಇದಕ್ಕೆ ಅನುಕೂಲ.